ಮಣ್ಣಿನೊಡನೆ ಹರಿಯುವ ವಿಷ

ಜಪಾನಿನ ರಾಜಧಾನಿಯಾದ ಟೋಕಿಯೋ ನಗರದ ಉತ್ತರಕ್ಕೆ, ತೊಚಿಗಿ ಪ್ರಾಂತದ ಬೆಟ್ಟಗಳ ನಡುವೆ, ಆಶಿಯೋ ಎಂಬ ಊರಿದೆ. ಅದರ ಸುತ್ತಣ ಬೆಟ್ಟಗಳಲ್ಲಿ ಹುಟ್ಟುವ ವತರಾಸೆ ಎಂಬ ನದಿಯು ಕಣಿವೆಗಳನ್ನಿಳಿದು ಬಯಲನ್ನು ಸೇರಿ, ಕೊನೆಗೆ ತೊನೆ ಎಂಬ ದೊಡ್ಡ ನದಿಯಲ್ಲಿ ಕೂಡಿಕೊಳ್ಳುತ್ತದೆ. ಹಿಂದಿನಿಂದಲೂ ಈ ನದಿಗೆ ಆಗಾಗ ನೆರೆ ಬರುತ್ತಿತ್ತು. ನೆರೆ ಇಳಿದ ಮೇಲೆ ಗದ್ದೆಗಳಲ್ಲಿ ಉಳಿಯುತ್ತಿದ್ದ ಮೆಕ್ಕಲು ಮಣ್ಣು ರೈತರ ಪಾಲಿಗೆ ಪುಕ್ಕಟೆಯ ಗೊಬ್ಬರವಾಗಿತ್ತು. ಆದರೆ ೧೮೯೦ರ ಆಗಸ್ಟ್ ತಿಂಗಳಿನಲ್ಲಿ ಬಂದ ದೊಡ್ಡ ನೆರೆ ಇಳಿದ ಬಳಿಕ ಆದುದೇ ಬೇರೆ. ಮೆಕ್ಕಲು ನಿಂತ ಗದ್ದೆಗಳಲ್ಲಿ ಬತ್ತದ ಪೈರು ಬೇರಿಳಿಸಲಾರದೆ ಕುಗ್ಗಿತು. ಗದ್ದೆಗೆ ಜೀವವಾಗಿದ್ದ ಮಣ್ಣೇ ಅದಕ್ಕೆ ಮಾರಿಯಾಯಿತು.

ಗೊಬ್ಬರವಾಗಿದ್ದ ಮಣ್ಣು ವಿಷವಾದುದು ಹೇಗೆ? ಈ ಪ್ರಶ್ನೆಗೆ ಉತ್ತರವನ್ನು ಕಾಣಬೇಕಾದರೆ ಮೂರು ವಿಷಯಗಳನ್ನು ಅರಿತಿರಬೇಕು. ಮಣ್ಣಿನ ಗುಣಗಳಾವುವು ಎಂಬುದು ಒಂದು. ಲೋಹಗಳು ಮಣ್ಣಿನಲ್ಲಿ ಹೇಗೆ ವರ್ತಿಸುತ್ತವೆ ಎಂಬುದು ಇನ್ನೊಂದು. ಮಳೆಯ ನೀರು ಮಣ್ಣನ್ನು ಸವೆಸಿ ಸಾಗಿಸುವ ಬಗೆ ಯಾವುದು ಎಂಬುದು ಮೂರನೆಯದು. ಇವನ್ನು ಒಂದೊಂದಾಗಿ ನೋಡಿ, ಬಳಿಕ ಆಶಿಯೋದ ವೃತ್ತಾಂತಕ್ಕೆ ಹಿಂದಿರುಗೋಣ.

ಮಣ್ಣಿನ ಕಣಗಳು

ಬರಿಗಣ್ಣಿಗೆ ಮಣ್ಣು ಒಂದೇ ಬಗೆಯ ವಸ್ತುವಿನಂತೆ ಕಾಣುತ್ತದೆ. ಆದರೆ ಅದು ನಾನಾ ಗಾತ್ರದ ಕಣಗಳ ಮಿಶ್ರಣ. ಅಡ್ಡಳತೆಯು ೨ ಮಿಲಿಮೀಟರಿನಿಂದ ೦.೦೨ ಮಿಲಿಮೀಟರಿನವರೆಗೆ ಇರುವ ಕಣಗಳನ್ನು ಮರಳೆಂದು ಕರೆಯುತ್ತಾರೆ. ೦.೦೨ರಿಂದ ೦.೦೦೨ ಮಿಲಿಮೀಟರಿನವರೆಗಿನವು ರೇವೆಯ ಕಣಗಳು. ಅದಕ್ಕೂ ಸಣ್ಣವಾದುವೆಲ್ಲ ಜೇಡಿ. ಇವುಗಳ ಜೊತೆಗೆ ಎಲೆ, ಬೇರು, ಹುಳುಹುಪ್ಪಟೆಗಳು ಕೊಳೆತು ಆದ ಕಪ್ಪು ಬಣ್ಣದ ಪದಾರ್ಥವೂ ಮಣ್ಣಿನಲ್ಲಿ ಇರುತ್ತದೆ. ಇದಕ್ಕೆ ಹ್ಯೂಮಸ್ ಎಂದು ಹೆಸರು.

ಈ ಕಣಗಳ ವ್ಯತ್ಯಾಸವನ್ನು ಮನೆಯಲ್ಲಿಯೇ ಕಾಣಬಹುದು. ಎತ್ತರವಾದ ಗಾಜಿನ ಪಾತ್ರೆಯೊಂದರಲ್ಲಿ ಒಂದು ಹಿಡಿ ಹೊಲದ ಮಣ್ಣನ್ನು ಹಾಕಿ, ನೀರು ತುಂಬಿ, ಚೆನ್ನಾಗಿ ಕಲಕಿ ನಿಲ್ಲಿಸಿರಿ. ಮರಳಿನ ಕಣಗಳು ಕೆಲವು ನಿಮಿಷಗಳೊಳಗೆ ತಳವನ್ನು ಮುಟ್ಟುತ್ತವೆ. ಅವುಗಳಲ್ಲಿ ಅತಿ ಸಣ್ಣದಾದ, ೦.೦೨ ಮಿಲಿಮೀಟರ್ ಅಗಲದ ಕಣವು ನೀರಿನಲ್ಲಿ ೧೦ ಸೆಂಟಿಮೀಟರ್ ಇಳಿಯಲು ಸುಮಾರು ೫ ನಿಮಿಷ ಸಾಕು. ಅಷ್ಟೇ ದೂರವನ್ನು ಇಳಿಯಲು ೦.೦೦೨ ಮಿಲಿಮೀಟರ್ ಅಗಲದ ಕಣಕ್ಕೆ ಸುಮಾರು ೮ ಗಂಟೆ ಬೇಕು. ಅದಕ್ಕಿಂತಲೂ ಸಣ್ಣ ಜೇಡಿಯ ಕಣಗಳು ಮರುದಿನವೂ ನೀರನ್ನು ಕದಡಿಯೇ ಇಟ್ಟಿರುತ್ತವೆ. ನಿಂತ ನೀರಿನಲ್ಲಿಯೇ ಹೀಗಾದರೆ, ಹರಿಯುವ ನೀರಿನಲ್ಲಿ ಇಂಥ ಕಣ ಎಷ್ಟು ದೂರ ಸಾಗಬಹುದೆಂಬುದನ್ನು ಊಹಿಸಿಕೊಳ್ಳಿರಿ. ಬೆಟ್ಟದಿಂದ ಹೊರಟ ಮರಳು ನದಿಯ ಮೊದಲ ತಿರುವಿನಲ್ಲಿಯೇ ನಿಲ್ಲಬಹುದು. ಜೇಡಿ ಬಯಲಿನವರೆಗೂ ಬರುತ್ತದೆ.

ಕಣವು ಸಣ್ಣದಾದಷ್ಟೂ ಅದರ ಮೈ ದೊಡ್ಡದಾಗುತ್ತದೆ. ಈ ಮಾತು ವಿಚಿತ್ರವಾಗಿ ಕಂಡೀತು. ಒಂದು ಸೆಂಟಿಮೀಟರ್ ಅಂಚಿನ ಘನವೊಂದರ ಆರು ಮುಖಗಳ ಒಟ್ಟು ವಿಸ್ತಾರ ೬ ಚದರ ಸೆಂಟಿಮೀಟರು. ಅದೇ ಘನವನ್ನು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂಚುಳ್ಳ ಪುಟ್ಟ ಘನಗಳನ್ನಾಗಿ ಕತ್ತರಿಸಿದರೆ, ವಸ್ತು ಅಷ್ಟೇ ಇದ್ದರೂ ಒಟ್ಟು ಮೈಯ ವಿಸ್ತಾರ ೬ ಚದರ ಮೀಟರಿಗೆ ಏರುತ್ತದೆ. ಎಂದರೆ ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಜೇಡಿಯಲ್ಲಿಯೂ ಬಗೆಗಳುಂಟು. ನಮ್ಮ ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವ ಕೆಯೊಲಿನೈಟ್ ಎಂಬ ಜೇಡಿಯ ಒಂದು ಗ್ರಾಮಿಗೆ ಹತ್ತಿಪ್ಪತ್ತು ಚದರ ಮೀಟರಿನಷ್ಟು ಮೈ ಇರುತ್ತದೆ. ಬಯಲುಸೀಮೆಯ ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯು ಪುಸ್ತಕದ ಹಾಳೆಗಳಂತೆ ಪದರುಪದರಾಗಿ ಬಿಚ್ಚಿಕೊಳ್ಳಬಲ್ಲುದು. ಆದುದರಿಂದ ಅದರ ಒಂದು ಗ್ರಾಮಿನ ಮೈಯು ಹಲವು ನೂರು ಚದರ ಮೀಟರುಗಳಾಗುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಯ ಗುಣಕ್ಕೂ ಇದೇ ಕಾರಣ.

ಜೇಡಿಯ ಹಿಡಿತ

ಈ ವಿಶಾಲವಾದ ಮೈಯ ಮೇಲೆ ಋಣ ವಿದ್ಯುತ್ತಿನ ಅಂಶವಿದೆ. ಕದಡಿದ ನೀರಿಗೆ ಪಟಿಕವನ್ನು ಹಾಕಿ ತಿಳಿಗೊಳಿಸುವ ಪದ್ಧತಿಯನ್ನು ಎಲ್ಲರೂ ಬಲ್ಲರು. ಅಲ್ಲಿ ನಡೆಯುವುದೇನು? ಜೇಡಿಯ ಕಣಗಳೆಲ್ಲ ಋಣ ವಿದ್ಯುತ್ತುಳ್ಳವಾದ್ದರಿಂದ ಒಂದನ್ನೊಂದು ದೂರ ನೂಕುತ್ತ ತೇಲಾಡುತ್ತಿರುತ್ತವೆ. ಪಟಿಕದಿಂದ ನೀರಿಗೆ ಇಳಿದ ಅಲ್ಯೂಮಿನಿಯಮಿನ ಧನ ವಿದ್ಯುತ್ತು ಈ ನೂಕಾಟವನ್ನು ನಿಲ್ಲಿಸುತ್ತದೆ. ಆಗ ಕಣಗಳು ಒಂದಕ್ಕೊಂದು ಅಂಟಿಕೊಂಡು ಭಾರವಾಗಿ ತಳಕ್ಕೆ ಇಳಿಯುತ್ತವೆ.

ಜೇಡಿಯ ಈ ಗುಣವೇ ಬೇಸಾಯದ ಅಡಿಗಲ್ಲು. ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಮುಂತಾದ ಲೋಹಗಳು ನೀರಿನಲ್ಲಿ ಕರಗಿದಾಗ ಧನ ವಿದ್ಯುತ್ತುಳ್ಳ ಅಯಾನುಗಳಾಗುತ್ತವೆ. ಜೇಡಿ ಮತ್ತು ಹ್ಯೂಮಸ್ ಇವನ್ನು ತಮ್ಮ ಮೈಗೆ ಅಂಟಿಸಿಕೊಂಡು, ಮಳೆಯ ನೀರು ಒಮ್ಮೆಲೇ ತೊಳೆದುಕೊಂಡು ಹೋಗದಂತೆ ಕಾಪಾಡುತ್ತವೆ. ಬೇರು ಕೇಳಿದಾಗ ಸ್ವಲ್ಪಸ್ವಲ್ಪವಾಗಿ ಬಿಟ್ಟುಕೊಡುತ್ತವೆ. ಹೀಗೆ ಮಣ್ಣು ಸಸ್ಯದ ಉಗ್ರಾಣವಾಗಿದೆ. ಜೇಡಿಗಿಂತಲೂ ಹ್ಯೂಮಸಿನ ಹಿಡಿತವು ಹೆಚ್ಚು; ಬರಿಯ ಮರಳಿನ ಹಿಡಿತ ಅತ್ಯಲ್ಪ.

ಆದರೆ ಉಗ್ರಾಣಕ್ಕೆ ಬಂದ ವಸ್ತು ಅಮೃತವೋ ವಿಷವೋ ಎಂಬುದನ್ನು ಜೇಡಿ ವಿಚಾರಿಸುವುದಿಲ್ಲ. ಧನ ವಿದ್ಯುತ್ತುಳ್ಳ ಯಾವ ಲೋಹ ಬಂದರೂ ಅದಕ್ಕೆ ಒಂದೇ. ಹೊನ್ನನ್ನು ಹಿಡಿಯುವ ಕೈಯೇ ಹಾವನ್ನೂ ಹಿಡಿಯುತ್ತದೆ.

ಭಾರಲೋಹಗಳು

ಒಂದು ಘನ ಸೆಂಟಿಮೀಟರಿಗೆ ಸುಮಾರು ೫ ಗ್ರಾಮಿಗಿಂತ ಹೆಚ್ಚು ತೂಗುವ ಲೋಹಗಳಿಗೆ ಭಾರಲೋಹಗಳೆಂಬ ಹೆಸರು ರೂಢಿಯಲ್ಲಿದೆ. ತಾಮ್ರ, ಸತು, ಸೀಸ, ಕ್ಯಾಡ್ಮಿಯಂ, ಪಾದರಸ ಇವೆಲ್ಲ ಈ ಗುಂಪಿನವು. ಲೋಹವಲ್ಲದಿದ್ದರೂ ಅದರಂತೆಯೇ ಅಪಾಯಕಾರಿಯಾದ ಆರ್ಸೆನಿಕ್ಕನ್ನು, ಎಂದರೆ ಪಾಷಾಣದ ಮೂಲವಸ್ತುವನ್ನು, ಇವುಗಳ ಜೊತೆಗೇ ಎಣಿಸುತ್ತಾರೆ.

ಇವೆಲ್ಲವೂ ಹುಟ್ಟಾ ವಿಷಗಳೆಂದು ತಿಳಿಯಬಾರದು. ತಾಮ್ರವೂ ಸತುವೂ ಅತಿ ಸ್ವಲ್ಪ ಪ್ರಮಾಣದಲ್ಲಿ ಸಸ್ಯಕ್ಕೂ ಪ್ರಾಣಿಗೂ ಅತ್ಯಾವಶ್ಯಕ. ಮಿತಿಮೀರಿದಾಗ ಮಾತ್ರ ಅವು ಕೇಡನ್ನುಂಟುಮಾಡುತ್ತವೆ. ತಾಮ್ರವು ಹೆಚ್ಚಾದರೆ ಮೊದಲು ಪೆಟ್ಟು ತಿನ್ನುವುದು ಬೇರು. ಅದು ಮೊಟಕಾಗಿ ದಪ್ಪನಾಗುತ್ತದೆ, ಕವಲೊಡೆಯದು, ಮಣ್ಣಿನಲ್ಲಿ ಸಾರವಿದ್ದರೂ ಹೀರಲಾರದು. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದಲಾದರೋ ನಮ್ಮ ದೇಹಕ್ಕೆ ಯಾವ ಉಪಯೋಗವೂ ತಿಳಿದಿಲ್ಲ. ಕ್ಯಾಡ್ಮಿಯಂ ಮತ್ತೊಂದು ಬಗೆಯಲ್ಲಿ ಮೋಸಗಾರ. ಪೈರು ಹಸನಾಗಿ ಬೆಳೆದಂತೆ ಕಾಣುತ್ತಿದ್ದರೂ ಕಾಳಿನೊಳಗೆ ಅದು ಸೇರಿರಬಹುದು. ಜಪಾನಿನ ಜಿಂಜೂ ನದಿಯ ಬಯಲಿನಲ್ಲಿ ಇಂಥ ಅಕ್ಕಿಯನ್ನು ಬಹುಕಾಲ ಉಂಡವರಿಗೆ, ಅವರಲ್ಲಿಯೂ ಹೆಚ್ಚಾಗಿ ಹೆಂಗಸರಿಗೆ, ಮೂತ್ರಪಿಂಡಗಳು ಕೆಟ್ಟು ಎಲುಬುಗಳು ಮೆತ್ತಗಾಗಿ ಮುರಿಯುವ ಘೋರ ರೋಗ ಬಂದಿತು. ನರಳಾಟದ ಉದ್ಗಾರವೇ ಅದಕ್ಕೆ ಹೆಸರಾಗಿ, ‘ಇತಾಯಿ-ಇತಾಯಿ’ ರೋಗವೆನಿಸಿತು. ಮೇಲ್ಬದಿಯ ಗಣಿಯೊಂದರಿಂದ ಬಂದ ಕ್ಯಾಡ್ಮಿಯಮೇ ಇದಕ್ಕೆ ಕಾರಣವೆಂದು ಜಪಾನ್ ಸರಕಾರವು ೧೯೬೮ರಲ್ಲಿ ಒಪ್ಪಿಕೊಂಡಿತು.

ಭಾರಲೋಹಗಳ ಮುಖ್ಯ ಲಕ್ಷಣವೊಂದನ್ನು ಇಲ್ಲಿ ಒತ್ತಿ ಹೇಳಬೇಕು. ಸತ್ತ ಎಲೆ ಕೊಳೆಯುತ್ತದೆ. ಚರಂಡಿಯ ಕಲ್ಮಷವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಆದರೆ ತಾಮ್ರದ ಪರಮಾಣು ತಾಮ್ರವಾಗಿಯೇ, ಸೀಸದ ಪರಮಾಣು ಸೀಸವಾಗಿಯೇ ಉಳಿಯುತ್ತದೆ. ಅದು ಸ್ಥಳವನ್ನು ಬದಲಿಸಬಲ್ಲುದು, ಬೇರೆ ವಸ್ತುಗಳೊಡನೆ ಕೂಡಬಲ್ಲುದು, ಇಲ್ಲವಾಗಲಾರದು.

ಹಿಡಿತವು ಸಡಿಲುವ ಸಂದರ್ಭಗಳು

ಮಣ್ಣಿನಲ್ಲಿ ಲೋಹ ಎಷ್ಟಿದೆ ಎಂಬುದಷ್ಟೇ ಮುಖ್ಯವಲ್ಲ. ಅದರಲ್ಲಿ ಎಷ್ಟು ಪಾಲು ನೀರಿಗೆ ಇಳಿದು ಬೇರಿಗೆ ದೊರೆಯುತ್ತದೆ ಎಂಬುದು ಹೆಚ್ಚು ಮುಖ್ಯ. ಇದನ್ನು ನಿರ್ಣಯಿಸುವುದು ಬಹುಮಟ್ಟಿಗೆ ಮಣ್ಣಿನ ಆಮ್ಲತೆ. ಮಣ್ಣು ಹುಳಿಯಾದಂತೆ, ಎಂದರೆ ಅದರ ಪಿ.ಎಚ್. ಅಂಕವು ೭ರಿಂದ ಕೆಳಗಿಳಿದಂತೆ, ಜಲಜನಕದ ಅಯಾನುಗಳು ಹೆಚ್ಚುತ್ತವೆ. ಅವು ಜೇಡಿಯ ಮೈಮೇಲಿನ ಸ್ಥಾನಗಳನ್ನು ಆಕ್ರಮಿಸಿ, ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಅಲ್ಲಿಂದ ಎಬ್ಬಿಸುತ್ತವೆ. ಸುಣ್ಣ ಹಾಕಿ ಆಮ್ಲತೆಯನ್ನು ತಗ್ಗಿಸಿದರೆ ಇವು ಮತ್ತೆ ಮಣ್ಣಿಗೆ ಅಂಟಿಕೊಳ್ಳುತ್ತವೆ.

ಗಾಳಿಯೂ ಇನ್ನೊಂದು ಕಾರಣ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಆಮ್ಲಜನಕವಿರುವುದಿಲ್ಲ. ಅಲ್ಲಿ ಕ್ಯಾಡ್ಮಿಯಂ ಗಂಧಕದೊಡನೆ ಕೂಡಿ ಕರಗದ ವಸ್ತುವಾಗಿ ಸುಮ್ಮನಿರುತ್ತದೆ. ಕೊಯ್ಲಿಗೆ ಮುಂಚೆ ನೀರನ್ನು ಬಸಿದಾಗ ಕೆಸರಿನೊಳಕ್ಕೆ ಗಾಳಿಯಾಡಿ ಈ ಸಂಯೋಗ ಒಡೆಯುತ್ತದೆ; ಕಾಳು ಕಟ್ಟುವ ಹೊತ್ತಿಗೇ ಕ್ಯಾಡ್ಮಿಯಂ ಬಿಡುಗಡೆಯಾಗುತ್ತದೆ. ಆರ್ಸೆನಿಕ್ಕಿನ ನಡತೆಯು ಇದಕ್ಕೆ ತೀರ ವಿರುದ್ಧ. ಒಣ ಮಣ್ಣಿನಲ್ಲಿ ಅದು ಕಬ್ಬಿಣದ ತುಕ್ಕಿಗೆ ಅಂಟಿಕೊಂಡಿರುತ್ತದೆ. ನೀರು ನಿಂತಾಗ ಆ ತುಕ್ಕು ಕರಗಿ, ಆರ್ಸೆನಿಕ್ ಹೊರಬೀಳುತ್ತದೆ. ಒಂದು ವಿಷಕ್ಕೆ ಮದ್ದಾದುದು ಮತ್ತೊಂದು ವಿಷಕ್ಕೆ ಹಾದಿಯಾಗುವುದೆಂಬುದನ್ನು ಇದರಿಂದ ತಿಳಿಯಬಹುದು.

ಸವಕಳಿಯ ಲೆಕ್ಕ

ಇನ್ನು ಮೂರನೆಯ ವಿಷಯ. ೫ ಮಿಲಿಮೀಟರ್ ಗಾತ್ರದ ಮಳೆಹನಿಯು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ ಸುಮಾರು ೯ ಮೀಟರು. ಬತ್ತಲೆ ನೆಲದ ಮೇಲೆ ಇಂಥ ಹನಿಗಳು ಬಿದ್ದಾಗ ಮಣ್ಣಿನ ಹೆಂಟೆ ಒಡೆದು ಕಣಗಳು ಬಿಡಿಬಿಡಿಯಾಗಿ ಸಿಡಿಯುತ್ತವೆ. ಸಣ್ಣ ಕಣಗಳು ನೆಲದ ರಂಧ್ರಗಳಲ್ಲಿ ತುಂಬಿ ಅದನ್ನು ಗಾರೆಯಂತೆ ಮುಚ್ಚುತ್ತವೆ. ಇಂಗಬೇಕಾದ ನೀರು ಹರಿಯತೊಡಗುತ್ತದೆ. ಮೊದಲು ತೆಳ್ಳಗಿನ ಹಾಳೆಯಂತೆ ಹರಿದ ನೀರು, ಅನಂತರ ಬೆರಳಗಲದ ಗೀರುಗಳನ್ನು ಕೊರೆದು, ಕೊನೆಗೆ ಆಳುದ್ದದ ಕೊರಕಲುಗಳನ್ನೇ ತೋಡುತ್ತದೆ.

ಒಂದು ಜಮೀನಿಗೆ ಸವಕಳಿಯ ಭಯ ಎಷ್ಟಿದೆ ಎಂಬುದನ್ನು ಲೆಕ್ಕಹಾಕಲು ಅಮೆರಿಕದ ವಿಷ್‌ಮಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ಒಂದು ಸೂತ್ರವನ್ನು ರಚಿಸಿ, ೧೯೬೫ರಲ್ಲಿ ಕೈಪಿಡಿಯಾಗಿ ಪ್ರಕಟಿಸಿದರು. ಮಳೆಯ ಬಿರುಸು, ಮಣ್ಣಿನ ಸವೆಯುವ ಸ್ವಭಾವ, ಇಳಿಜಾರಿನ ಉದ್ದ, ಅದರ ಕಡಿದು, ನೆಲದ ಮೇಲಣ ಹಸಿರು ಹೊದಿಕೆ, ಒಡ್ಡು ಬದುಗಳಂಥ ರಕ್ಷಣಾ ಕ್ರಮ—ಈ ಆರು ಸಂಖ್ಯೆಗಳನ್ನು ಒಂದರಿಂದೊಂದು ಗುಣಿಸಿದರೆ ವರ್ಷಕ್ಕೆ ಆಗಬಹುದಾದ ಮಣ್ಣಿನ ನಷ್ಟ ದೊರೆಯುತ್ತದೆ. ಇವುಗಳಲ್ಲಿ ಮಳೆಯನ್ನು ಮನುಷ್ಯನು ತಡೆಯಲಾರ. ಬೆಟ್ಟದ ಕಡಿದನ್ನು ಸುಲಭವಾಗಿ ಬದಲಿಸಲಾರ. ಅವನ ಕೈಯಲ್ಲಿ ಮುಖ್ಯವಾಗಿ ಇರುವುವು ಕೊನೆಯ ಎರಡು. ಹೊದಿಕೆಯ ಸಂಖ್ಯೆಯು ದಟ್ಟವಾದ ಕಾಡಿಗೂ ಬತ್ತಲೆ ನೆಲಕ್ಕೂ ನೂರಾರು ಪಟ್ಟು ವ್ಯತ್ಯಾಸವಾಗಬಹುದು.

ಸವಕಳಿಯಲ್ಲಿ ಹೋಗುವ ಮಣ್ಣು ಹಿಂದೆ ಉಳಿದ ಮಣ್ಣಿನಂತಹುದೇ ಅಲ್ಲ. ನೀರು ಹಗುರವಾದುದನ್ನೂ ಸಣ್ಣದನ್ನೂ ಆರಿಸಿಕೊಂಡು ಹೋಗುತ್ತದೆ. ಒಂದು ಕಲ್ಪಿತ ಲೆಕ್ಕದಿಂದ ಇದರ ಪರಿಣಾಮವನ್ನು ನೋಡೋಣ. ಒಂದು ಕಿಲೋಗ್ರಾಂ ಮಣ್ಣಿನಲ್ಲಿ ೧೦೦ ಮಿಲಿಗ್ರಾಂ ತಾಮ್ರವಿದೆಯೆಂದು ಇಟ್ಟುಕೊಳ್ಳಿ. ಜೇಡಿ ಮತ್ತು ಹ್ಯೂಮಸ್ ಸೇರಿ ಮಣ್ಣಿನ ಹತ್ತನೆಯ ಒಂದು ಪಾಲು ಮಾತ್ರ ಇದ್ದು, ತಾಮ್ರದಲ್ಲಿ ೭೦ ಮಿಲಿಗ್ರಾಂ ಅದಕ್ಕೇ ಅಂಟಿಕೊಂಡಿದೆ. ಉಳಿದ ೩೦ ಮಿಲಿಗ್ರಾಂ ಮಾತ್ರ ದಪ್ಪ ಕಣಗಳಲ್ಲಿದೆ. ಮಳೆಯ ನೀರು ಒಯ್ದ ಒಂದು ಕಿಲೋಗ್ರಾಂ ಮಣ್ಣಿನಲ್ಲಿ ನಯವಾದ ಪಾಲು ನೂರಕ್ಕೆ ೪೦ ಆಗಿದ್ದರೆ, ಅದರಲ್ಲಿ ೨೮೦ ಮಿಲಿಗ್ರಾಂ, ದಪ್ಪ ಪಾಲಿನಲ್ಲಿ ೨೦ ಮಿಲಿಗ್ರಾಂ, ಒಟ್ಟು ೩೦೦ ಮಿಲಿಗ್ರಾಂ ತಾಮ್ರ ಇರುತ್ತದೆ. ಎಂದರೆ ಹೊರಟ ಜಾಗದಲ್ಲಿದ್ದುದಕ್ಕಿಂತ ಸೇರಿದ ಜಾಗದಲ್ಲಿ ವಿಷವು ಮೂರು ಪಟ್ಟು ಗಾಢವಾಯಿತು!

ಪ್ರಮಾಣವನ್ನೂ ಗಮನಿಸಿರಿ. ಒಂದು ಹೆಕ್ಟೇರು ನೆಲದಿಂದ ಕೇವಲ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೆ ಅದರ ತೂಕ ಸುಮಾರು ೧೩ ಟನ್ನು. ಅದರ ಪ್ರತಿ ಕಿಲೋಗ್ರಾಮಿನಲ್ಲಿ ಒಂದು ಗ್ರಾಂ ತಾಮ್ರವಿದ್ದರೆ, ೧೩ ಕಿಲೋಗ್ರಾಂ ತಾಮ್ರವು ಕಣ್ಣಿಗೆ ಕಾಣದಂತೆ ಹೊಳೆಯ ಪಾಲಾಗುತ್ತದೆ.

ಆಶಿಯೋದಲ್ಲಿ ನಡೆದುದು

ಈಗ ನಮ್ಮ ಕೈಯಲ್ಲಿ ಕೀಲಿಕೈ ಇದೆ. ಆಶಿಯೋದ ಬಾಗಿಲನ್ನು ತೆರೆಯಬಹುದು. ಅಲ್ಲಿ ತಾಮ್ರದ ಗಣಿಗಾರಿಕೆ ಹದಿನೇಳನೆಯ ಶತಮಾನದಿಂದಲೂ ಇತ್ತು. ೧೮೭೭ರಲ್ಲಿ ಫುರುಕಾವಾ ಇಚಿಬೇ ಎಂಬ ಉದ್ಯಮಿಯು ಅದನ್ನು ಕೊಂಡನು. ೧೮೮೦ರ ದಶಕದಲ್ಲಿ ಸಮೃದ್ಧವಾದ ಅದಿರಿನ ಎಳೆಗಳು ದೊರೆತು, ಆಶಿಯೋ ಜಪಾನಿನ ಅತಿ ದೊಡ್ಡ ತಾಮ್ರದ ಗಣಿಯಾಯಿತು. ದೇಶಕ್ಕೆ ವಿದೇಶೀ ಹಣ ಬೇಕಾಗಿತ್ತು. ತಾಮ್ರ ಅದನ್ನು ತರುತ್ತಿತ್ತು.

ಗಣಿಯ ಸುರಂಗಗಳಿಗೆ ಆಸರೆಯಾಗಿ ಮರ ಬೇಕು. ಕುಲುಮೆಗಳಿಗೆ ಇದ್ದಲು ಬೇಕು. ಸುತ್ತಣ ಬೆಟ್ಟಗಳ ಕಾಡು ಕೊಡಲಿಗೆ ಬಲಿಯಾಯಿತು. ೧೮೮೭ರ ಕಾಡುಗಿಚ್ಚು ಇನ್ನಷ್ಟನ್ನು ತೆಗೆದುಕೊಂಡಿತು. ಸಾಮಾನ್ಯವಾಗಿ ಇಂಥ ಬೆಟ್ಟ ಕೆಲವು ವರ್ಷಗಳಲ್ಲಿ ಮತ್ತೆ ಹಸಿರಾಗಬೇಕು. ಆದರೆ ಆಶಿಯೋದ ಅದಿರಿನಲ್ಲಿ ತಾಮ್ರದೊಡನೆ ಗಂಧಕವು ಕೂಡಿತ್ತು. ಅದಿರನ್ನು ಕಾಸಿದಾಗ ಹೊರಟ ಗಂಧಕದ ಹೊಗೆ ಕಣಿವೆಯಲ್ಲಿ ತುಂಬಿ, ತೇವದೊಡನೆ ಕೂಡಿ ಆಮ್ಲವಾಗಿ, ಚಿಗುರಿದುದನ್ನು ಚಿಗುರಿದಂತೆಯೇ ಸುಟ್ಟಿತು; ಮಣ್ಣನ್ನೂ ಹುಳಿಯಾಗಿಸಿತು. ಹೊಗೆಯ ದಾರಿಯಲ್ಲಿದ್ದ ಮತ್ಸುಕಿ ಎಂಬ ಹಳ್ಳಿಯಲ್ಲಿ ಬೆಳೆಯೂ ರೇಷ್ಮೆ ಸಾಕಣೆಯೂ ಅಸಾಧ್ಯವಾಗಿ, ೧೯೦೨ರ ಹೊತ್ತಿಗೆ ಜನರು ಊರನ್ನೇ ತೊರೆದರು.

ಹಿಂದೆ ಹೇಳಿದ ಸೂತ್ರದ ಅಂಶಗಳನ್ನು ಒಂದೊಂದಾಗಿ ಇಲ್ಲಿ ಹೊಂದಿಸಿ ನೋಡಿರಿ. ಬೇಸಗೆಯ ಕೊನೆಗೆ ಬಿರುಗಾಳಿಯೊಡನೆ ಬರುವ ಬಿರುಮಳೆ ಇತ್ತು, ಕಡಿದಾದ ಉದ್ದನೆಯ ಇಳಿಜಾರಿತ್ತು, ಹಿಡಿದು ನಿಲ್ಲಿಸುವ ಬೇರು ಸತ್ತು, ಮಣ್ಣು ಸಡಿಲವಾಗಿತ್ತು, ಹೊದಿಕೆ ಹೋಗಿತ್ತು, ರಕ್ಷಣೆ ಇರಲಿಲ್ಲ. ಆರು ಅಂಶಗಳೂ ಒಟ್ಟಿಗೆ ಪ್ರತಿಕೂಲವಾದುವು. ಅದಿರಿನಿಂದ ತಾಮ್ರವನ್ನು ತೆಗೆದುಕೊಂಡು ಉಳಿದ ಪುಡಿಯನ್ನು ಕಣಿವೆಗಳಲ್ಲಿ ಸುರಿದಿದ್ದರು. ಅರೆದ ಪುಡಿಯಾದ್ದರಿಂದ ಅದರ ಕಣಗಳು ನೀರಿನಲ್ಲಿ ತೇಲಿ ಹೋಗುವಷ್ಟು ನಯವಾಗಿದ್ದುವು. ಕಾಡಿಲ್ಲದ ಬೆಟ್ಟದಲ್ಲಿ ನೀರು ಇಂಗದೆ ಒಮ್ಮೆಲೇ ಹರಿದುದರಿಂದ ನೆರೆಯ ಹಾವಳಿಯೂ ಹೆಚ್ಚಾಯಿತು. ಹೀಗೆ ವಿಷವನ್ನು ಹೊತ್ತ ಮಣ್ಣು, ಮಣ್ಣನ್ನು ಹೊತ್ತ ನೆರೆ, ನೆರೆಯನ್ನು ಬಯಲಿಗೆ ಕಳುಹುವ ಬೋಳು ಬೆಟ್ಟ ಇವೆಲ್ಲ ಒಂದೇ ಸರಪಣಿಯ ಕೊಂಡಿಗಳಾದುವು. ೧೮೯೬ರಲ್ಲಿ ಇನ್ನೂ ದೊಡ್ಡ ನೆರೆಗಳು ಬಂದು, ವಿಷದ ಹೂಳು ಬಹುದೂರದ ಹಳ್ಳಿಗಳಿಗೂ ಹರಡಿತು.

ರೈತರು ಮಾಡಿದ ಪರೀಕ್ಷೆ, ವಿಜ್ಞಾನಿ ಮಾಡಿದ ಪರೀಕ್ಷೆ

ಗದ್ದೆಯಲ್ಲಿ ನೀರು ಒಳಬರುವ ತೂಬಿನ ಬಳಿ ಪೈರು ಹೆಚ್ಚು ಕುಗ್ಗಿರುವುದನ್ನೂ, ದೂರ ಹೋದಂತೆ ಅಷ್ಟಿಷ್ಟು ಸುಧಾರಿಸಿರುವುದನ್ನೂ ರೈತರು ಕಂಡರು. ಕಾಲುವೆಯಲ್ಲಿ ರಭಸದಿಂದ ಬಂದ ನೀರು ಗದ್ದೆಗಿಳಿದಾಗ ನಿಧಾನವಾಗಿ, ಹೊತ್ತುದನ್ನು ಮೊದಲು ಅಲ್ಲಿಯೇ ಇಳಿಸುತ್ತದೆಯಷ್ಟೆ. ಇದನ್ನರಿತ ರೈತರು ತೂಬಿನ ಬಾಯಲ್ಲಿ ಸಣ್ಣ ಗುಂಡಿಗಳನ್ನು ತೋಡಿ, ವಿಷದ ಹೂಳು ಅಲ್ಲಿ ತಂಗಿದ ಬಳಿಕವೇ ನೀರು ಮುಂದಕ್ಕೆ ಹೋಗುವಂತೆ ಮಾಡಿದರು. ಮೇಲ್ಮಣ್ಣನ್ನು ಕೆರೆದು ಗದ್ದೆಯ ಮೂಲೆಗಳಲ್ಲಿ ದಿಬ್ಬಗಳಾಗಿ ಒಟ್ಟಿದರು. ಇವುಗಳಿಗೆ ಜನರು ವಿಷದ ದಿಬ್ಬಗಳೆಂದೇ ಹೆಸರಿಟ್ಟರು. ಪುಸ್ತಕವನ್ನೋದದ ಬೇಸಾಯಗಾರರು ಅನುಭವದಿಂದ ಕಂಡುಕೊಂಡ ಈ ಉಪಾಯಗಳಲ್ಲಿ ವಿಜ್ಞಾನವು ದೋಷವನ್ನು ಕಾಣಲಾರದು. ಆದರೆ ಪ್ರತಿಯೊಂದು ನೆರೆಯೂ ಅವರ ದುಡಿಮೆಯನ್ನು ಅಳಿಸಿಹಾಕುತ್ತಿತ್ತು.

ಹಾನಿಗೆ ಗಣಿಯೇ ಕಾರಣವೆಂದು ಹೇಳಲು ಪ್ರಮಾಣ ಬೇಕಾಗಿತ್ತು. ಆಗ ಸಾಮ್ರಾಜ್ಯ ವಿಶ್ವವಿದ್ಯಾನಿಲಯದ ಕೃಷಿ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಕೊಜಾಯ್ ಯೋಶಿನಾವೊ ಎಂಬ ರಸಾಯನ ವಿಜ್ಞಾನಿಯು ಕೆಟ್ಟ ಗದ್ದೆಗಳ ಮಣ್ಣನ್ನು ಪರೀಕ್ಷಿಸಿ, ತಾಮ್ರವೇ ಹಾನಿಗೆ ಕಾರಣವೆಂದು ೧೮೯೦ರ ದಶಕದ ಆದಿಯಲ್ಲಿ ತೋರಿಸಿಕೊಟ್ಟನು. ಈ ಆಧಾರವನ್ನು ಹಿಡಿದು, ತೊಚಿಗಿಯ ಪ್ರತಿನಿಧಿಯಾಗಿದ್ದ ತನಕಾ ಶೋಜೊ ಜಪಾನಿನ ಶಾಸನಸಭೆಯಲ್ಲಿ ೧೮೯೧ರಲ್ಲಿ ಪ್ರಶ್ನೆಯನ್ನೆತ್ತಿದನು. ವರ್ಷವರ್ಷವೂ ಕೇಳಿದನು. ೧೮೯೭ರಲ್ಲಿ ಸರಕಾರವು ಹೂಳಿಳಿಸುವ ಕೊಳಗಳನ್ನು ಕಟ್ಟಬೇಕೆಂದೂ ಹೊಗೆಯನ್ನು ಸುಣ್ಣದ ನೀರಿನಿಂದ ತೊಳೆಯಬೇಕೆಂದೂ ಗಣಿಗೆ ಆಜ್ಞೆ ಮಾಡಿತು. ಅಂದಿನ ಯಂತ್ರವಿದ್ಯೆಯಿಂದ ಗಂಧಕದ ಹೊಗೆಯನ್ನು ತಡೆಯುವುದಾಗಲಿಲ್ಲ. ಬೆಟ್ಟವು ಬೋಳಾಗಿಯೇ ಉಳಿಯಿತು. ಕೊನೆಗೆ ತನಕಾ ಸದಸ್ಯತ್ವವನ್ನು ಬಿಟ್ಟುಕೊಟ್ಟು, ೧೯೦೧ರ ಡಿಸೆಂಬರ್ ೧೦ರಂದು ಚಕ್ರವರ್ತಿಯ ಸಾರೋಟಿನತ್ತ ಅರ್ಜಿಯನ್ನು ಹಿಡಿದು ಓಡಿದನು. ಕಾವಲಿನವರು ಅವನನ್ನು ಹಿಡಿದರು. ಅರ್ಜಿಯು ಚಕ್ರವರ್ತಿಯ ಕೈ ಸೇರಲಿಲ್ಲ. ಆದರೆ ಅದರ ಸುದ್ದಿ ದೇಶವನ್ನೆಲ್ಲ ಮುಟ್ಟಿತು.

ಕೆಳಗೆ ಹುಡುಕಿದ ಪರಿಹಾರ

ಸರಕಾರವು ಮುಂದೆ ಕೈಗೊಂಡ ಕ್ರಮ ವಿಚಾರಾರ್ಹವಾದುದು. ವತರಾಸೆಯ ಕೆಳಭಾಗದಲ್ಲಿ ನೆರೆಯ ನೀರನ್ನು ನಿಲ್ಲಿಸಲು ವಿಶಾಲವಾದ ತಗ್ಗೊಂದನ್ನು ನಿರ್ಮಿಸಲು ಅದು ನಿಶ್ಚಯಿಸಿತು. ಇದಕ್ಕಾಗಿ ಆರಿಸಿದುದು ಯನಕಾ ಎಂಬ ಫಲವತ್ತಾದ ಹಳ್ಳಿಯನ್ನು. ೧೯೦೬ರಲ್ಲಿ ಆ ಹಳ್ಳಿಯ ಹೆಸರನ್ನು ದಾಖಲೆಗಳಿಂದ ತೆಗೆದರು. ಬಿಟ್ಟುಹೋಗಲೊಪ್ಪದೆ ಉಳಿದಿದ್ದವರ ಮನೆಗಳನ್ನು ೧೯೦೭ರಲ್ಲಿ ಕೆಡವಿದರು. ತನಕಾ ಅದೇ ಹಳ್ಳಿಗೆ ಬಂದು ನೆಲಸಿ, ೧೯೧೩ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯ ಜನರ ಜೊತೆಗೆ ನಿಂತನು. ಸುಮಾರು ೩೩ ಚದರ ಕಿಲೋಮೀಟರ್ ವಿಸ್ತಾರವುಳ್ಳ ಆ ತಗ್ಗು ಇಂದು ಜೊಂಡು ಬೆಳೆದ, ಹಕ್ಕಿಗಳು ನೆಲಸಿದ ಸುಂದರ ಜೌಗುಪ್ರದೇಶ. ೨೦೧೨ರಲ್ಲಿ ಅದಕ್ಕೆ ರಾಮ್‌ಸಾರ್ ಒಪ್ಪಂದದ ಮನ್ನಣೆಯೂ ದೊರೆಯಿತು. ಆದರೆ ಅದು ಒಂದು ಊರಿನ ಸಮಾಧಿ ಎಂಬುದನ್ನು ಮರೆಯಲಾಗದು. ರೈತರು ತೂಬಿನ ಬಾಯಲ್ಲಿ ತೋಡಿದ್ದ ಗುಂಡಿಯನ್ನೇ ಸರಕಾರವು ಇಡೀ ಹಳ್ಳಿಯ ಗಾತ್ರಕ್ಕೆ ತೋಡಿತು. ಬೆಟ್ಟದಲ್ಲಿ ಕೊಡಬೇಕಾಗಿದ್ದ ಬೆಲೆಯನ್ನು ಬಯಲಿನಿಂದ ವಸೂಲುಮಾಡಿತು.

ಕೆಳಗೆ ತಡೆಹಾಕಿದರೂ ಮೇಲಿನ ಮೂಲ ಹಾಗೆಯೇ ಉಳಿದಿತ್ತು. ೧೯೫೮ರ ಮೇ ೩೦ರಂದು ಆಶಿಯೋದಲ್ಲಿ ಅದಿರಿನ ಕಸದ ದಿಬ್ಬವೊಂದು ಕುಸಿದು, ಗದ್ದೆಗಳು ಮತ್ತೆ ವಿಷಪೂರಿತವಾದುವು. ರೈತರು ಮತ್ತೊಮ್ಮೆ ಸಂಘ ಕಟ್ಟಿದರು. ಕೊನೆಗೆ ೧೯೭೪ರಲ್ಲಿ ಗಣಿಯ ಕಂಪನಿಯು ೧೫೫ ಕೋಟಿ ಯೆನ್ ಪರಿಹಾರವನ್ನು ಕೊಡಲೊಪ್ಪಿತು. ಮೊದಲ ದೊಡ್ಡ ನೆರೆಯಿಂದ ಅಲ್ಲಿಗೆ ೮೪ ವರ್ಷಗಳಾಗಿದ್ದುವು. ಗಣಿಯು ೧೯೭೩ರಲ್ಲಿಯೇ ಮುಚ್ಚಿತ್ತು. ಆದರೂ ೨೦೧೧ರ ಮಾರ್ಚ್ ೧೧ರ ಮಹಾಭೂಕಂಪದಲ್ಲಿ ಅದೇ ದಿಬ್ಬವು ಮತ್ತೆ ಜಾರಿ, ನದಿಯ ನೀರಿನಲ್ಲಿ ಸೀಸದ ಪ್ರಮಾಣ ನಿಯಮಿತ ಮಿತಿಯ ಸುಮಾರು ಎರಡರಷ್ಟಾಯಿತು. ಗಣಿ ಮುಚ್ಚಿದರೂ ಅದರ ಲೆಕ್ಕ ಮುಚ್ಚುವುದಿಲ್ಲ.

ಬೆಟ್ಟಕ್ಕೆ ಮತ್ತೆ ಹಸಿರು

ನಿಜವಾದ ಪರಿಹಾರವು ಬೆಟ್ಟದ ಮೇಲೆಯೇ ಆರಂಭವಾಗಬೇಕಾಗಿತ್ತು. ೧೯೫೬ರಲ್ಲಿ ಆಶಿಯೋದ ಕುಲುಮೆಗೆ ಫಿನ್ಲೆಂಡಿನಿಂದ ಹೊಸ ವಿಧಾನ ಬಂದಿತು. ಇದರಿಂದ ಗಂಧಕದ ಹೊಗೆಯನ್ನು ಹಿಡಿದು ಗಂಧಕಾಮ್ಲವನ್ನಾಗಿ ಮಾಡುವುದು ಸಾಧ್ಯವಾಯಿತು. ಹೊಗೆ ತಗ್ಗಿದ ಮೇಲೆ ಗಿಡ ಬದುಕುವ ಆಸೆ ಹುಟ್ಟಿತು. ಬಂಡೆ ತೇಲಿದ ಇಳಿಜಾರಿನಲ್ಲಿ ಬೀಜವನ್ನು ಎರಚಿದರೆ ನಿಲ್ಲದು. ಆದುದರಿಂದ ಮಣ್ಣು, ಗೊಬ್ಬರ, ಹುಲ್ಲಿನ ಬೀಜಗಳನ್ನು ಕಲಸಿ ಹಲಗೆಗಳಂತೆ ಅಚ್ಚುಹಾಕಿ, ಮೆಟ್ಟಿಲುಮೆಟ್ಟಿಲಾಗಿ ಕಡಿದ ಇಳಿಜಾರಿನಲ್ಲಿ ಕೂಲಿಗಳು ಅವನ್ನು ಹೊತ್ತೊಯ್ದು ಜೋಡಿಸಿದರು. ಮೊದಲು ಹುಲ್ಲು, ಅನಂತರ ಪೊದೆ, ಆಮೇಲೆ ಮರ. ಮುಂದೆ ಹೆಲಿಕಾಪ್ಟರಿನಿಂದಲೂ ಬೀಜ ಬಿತ್ತಿದರು. ಶಾಲೆಯ ಮಕ್ಕಳೂ ಸ್ವಯಂಸೇವಕರೂ ಈಗಲೂ ಸಸಿಗಳನ್ನು ನೆಡುತ್ತಿದ್ದಾರೆ. ಅರುವತ್ತಕ್ಕೂ ಹೆಚ್ಚು ವರ್ಷಗಳ ಈ ಶ್ರಮದ ಬಳಿಕವೂ ಬೆಟ್ಟದ ಕೆಲವು ಭಾಗಗಳು ಬರಿಯ ಬಂಡೆಗಳಾಗಿಯೇ ಇವೆ. ಕಾಡನ್ನು ಕಳೆಯಲು ಹಿಡಿದುದು ಕೆಲವೇ ವರ್ಷ. ಮಣ್ಣನ್ನು ಮರಳಿ ಪಡೆಯಲು ತಲೆಮಾರುಗಳು ಸಾಲವು.

ಗದ್ದೆಗಳಿಗೆ ಬೇರೆ ಚಿಕಿತ್ಸೆ ಬೇಕಾಯಿತು. ೧೯೭೦ರಲ್ಲಿ ಜಪಾನಿನಲ್ಲಿ ಕೃಷಿಭೂಮಿಯ ಮಾಲಿನ್ಯವನ್ನು ತಡೆಯುವ ಕಾನೂನು ಬಂದಿತು. ಅದರಂತೆ ಗದ್ದೆಯ ಒಂದು ಕಿಲೋಗ್ರಾಂ ಮಣ್ಣಿನಿಂದ ದುರ್ಬಲ ಆಮ್ಲಕ್ಕೆ ಇಳಿಯುವ ತಾಮ್ರವು ೧೨೫ ಮಿಲಿಗ್ರಾಮಿಗೆ ಮುಟ್ಟಿದರೆ ಆ ನೆಲವು ಚಿಕಿತ್ಸೆಗೆ ಅರ್ಹ. ಇಲ್ಲಿ ಒಟ್ಟು ತಾಮ್ರವನ್ನಲ್ಲ, ಸಡಿಲವಾಗಿ ಅಂಟಿಕೊಂಡ ತಾಮ್ರವನ್ನೇ ಅಳೆಯುತ್ತಾರೆಂಬುದನ್ನು ಗಮನಿಸಬೇಕು. ಬೇರಿಗೆ ಅಪಾಯಕಾರಿಯಾದುದು ಅದೇ. ಚಿಕಿತ್ಸೆಯೆಂದರೆ ಕೆಟ್ಟ ಮಣ್ಣನ್ನು ತೆಗೆಯುವುದು, ಅಥವಾ ಅದರ ಮೇಲೆ ಬೇರೆಡೆಯಿಂದ ಒಳ್ಳೆಯ ಮಣ್ಣನ್ನು ತಂದು ಹೊದಿಸುವುದು. ಸುಣ್ಣವೂ ಕೊಟ್ಟಿಗೆಗೊಬ್ಬರವೂ ಲೋಹವನ್ನು ಬಿಗಿಹಿಡಿಯಲು ನೆರವಾಗುತ್ತವೆ. ಆದರೆ ಇವೆಲ್ಲ ವಿಷವನ್ನು ಸುಮ್ಮನಿರಿಸುವ ಉಪಾಯಗಳೇ ಹೊರತು ಇಲ್ಲವಾಗಿಸುವುವಲ್ಲ.

ನಮ್ಮ ನಾಡಿನ ಒಂದು ದಿಬ್ಬ

ಅದಿರನ್ನು ಅರೆದು ಉಳಿದ ನಯವಾದ ಪ��ಡಿಯ ಗುಡ್ಡೆಗಳು ಕರ್ನಾಟಕದಲ್ಲಿಯೂ ಇವೆ. ಕೋಲಾರದ ಚಿನ್ನದ ಗಣಿಗಳಲ್ಲಿ ಒಂದು ಶತಮಾನಕ್ಕೂ ಮಿಕ್ಕಿ ಅಗೆದ ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರವದಿಂದ ಚಿನ್ನವನ್ನು ಕರಗಿಸಿ ತೆಗೆಯುತ್ತಿದ್ದರು. ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿತು. ಉಳಿದ ೩ ಕೋಟಿ ಟನ್ನಿಗೂ ಹೆಚ್ಚಿನ ಪುಡಿಯು ಊರಿನ ಉದ್ದಕ್ಕೂ ಗುಡ್ಡಗಳಾಗಿ ನಿಂತಿದೆ. ಜನರು ಇವನ್ನು ಸೈನೈಡ್ ದಿಬ್ಬಗಳೆಂದು ಕರೆಯುತ್ತಾರೆ. ಈ ಹೆಸರು ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಸೈನೈಡು ಬಿಸಿಲು ಗಾಳಿಗಳಿಗೆ ಸಿಕ್ಕಿ ಕಾಲಕ್ರಮದಲ್ಲಿ ಬಹುಪಾಲು ಒಡೆದುಹೋಗುತ್ತದೆ. ಅದಿರಿನಲ್ಲಿ ಗಂಧಕದೊಡನೆ ಕೂಡಿ ಬಂದ ಆರ್ಸೆನಿಕ್ ಮುಂತಾದುವು ಒಡೆದುಹೋಗುವ ಜಾತಿಯವಲ್ಲ. ದಿಬ್ಬಗಳ ಪಕ್ಕಗಳಲ್ಲಿ ಮಳೆ ಕೊರೆದ ಕೊರಕಲುಗಳು ದೂರದಿಂದಲೇ ಕಾಣುತ್ತವೆ. ಗಾಳಿಯ ದಿನಗಳಲ್ಲಿ ನಯವಾದ ಧೂಳು ಮನೆಗಳ ಮೇಲೆ ಹಾರಿ ಬರುತ್ತದೆ. ಆಶಿಯೋದ ಕಡಿದಾದ ಬೆಟ್ಟಗಳೂ ಭಾರಿ ಮಳೆಯೂ ಇಲ್ಲಿಲ್ಲ. ಆದರೆ ಸಣ್ಣ ಕಣವು ಮೊದಲು ಹೊರಡುತ್ತದೆ, ದೂರ ಹೋಗುತ್ತದೆ ಎಂಬ ನಿಯಮಕ್ಕೆ ದೇಶಭೇದವಿಲ್ಲ. ನೀರು ಮಾಡುವ ಕೆಲಸವನ್ನು ಇಲ್ಲಿ ಗಾಳಿಯೂ ಮಾಡುತ್ತದೆ.

ಇಂಥ ದಿಬ್ಬಗಳನ್ನು ಹಿಡಿದು ನಿಲ್ಲಿಸಲು ಗಿಡಗಳಷ್ಟು ಅಗ್ಗವಾದ ಸಾಧನ ಇನ್ನೊಂದಿಲ್ಲ. ಲಾವಂಚದ ಬೇರು ಎರಡು ಮೂರು ಮೀಟರುಗಳಷ್ಟು ನೇರವಾಗಿ ಕೆಳಗಿಳಿಯುತ್ತದೆ. ಅದು ಲೋಹಗಳ ಕಾಟವನ್ನು ಇತರ ಹುಲ್ಲುಗಳಿಗಿಂತ ಹೆಚ್ಚಾಗಿ ತಾಳಿಕೊಳ್ಳಬಲ್ಲುದು. ಆದುದರಿಂದ ಹಲವು ದೇಶಗಳಲ್ಲಿ ಅದನ್ನು ಗಣಿಯ ದಿಬ್ಬಗಳ ಮೇಲೆ ನೆಡುತ್ತಾರೆ. ಮೈಸೂರು ಸೀಮೆಯ ಕೆಲವೆಡೆ ರೈತರು ಹಿಂದಿನಿಂದಲೂ ಹೊಲದ ಬದುಗಳ ಮೇಲೆ ಬೆಳೆಸುತ್ತ ಬಂದ ಹುಲ್ಲೂ ಇದೇ. ದಿಬ್ಬದ ಬುಡದಲ್ಲಿ ಹೂಳನ್ನು ತಡೆಯುವ ಒಡ್ಡು, ಮೇಲೆ ನೀರನ್ನು ಮೆಲ್ಲನೆ ಇಳಿಸುವ ಕಾಲುವೆ, ಪಕ್ಕಗಳಲ್ಲಿ ಹುಲ್ಲಿನ ಸಾಲು ಈ ಮೂರೂ ಕೂಡಿದರೆ ವಿಷವು ಇದ್ದಲ್ಲಿಯೇ ಇರುತ್ತದೆ.

ಮಣ್ಣಿನ ಸವಕಳಿಯನ್ನು ನಾವು ಸಾಮಾನ್ಯವಾಗಿ ನಷ್ಟದ ದೃಷ್ಟಿಯಿಂದ ಮಾತ್ರ ಕಾಣುತ್ತೇವೆ: ಮೇಲಿನ ಹೊಲದ ಸಾರ ಹೋಯಿತು, ಕೆಳಗಿನ ಕೆರೆಗೆ ಹೂಳು ತುಂಬಿತು ಎಂದು. ಆ ಮಣ್ಣು ಏನನ್ನು ಹೊತ್ತುಕೊಂಡು ಹೋಗುತ್ತಿದೆ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕೆಂದು ಆಶಿಯೋ ಕಲಿಸುತ್ತದೆ. ಲೋಹವು ಇಲ್ಲವಾಗದು, ಆದುದರಿಂದ ಅದನ್ನು ಎಲ್ಲಿ ನಿಲ್ಲಿಸಬೇಕೆಂಬುದೊಂದೇ ನಮ್ಮ ಮುಂದಿರುವ ಆಯ್ಕೆ. ಬೆಟ್ಟದ ಮೇಲೆ ಹುಲ್ಲಿನ ಬೇರಿನಲ್ಲಿ ನಿಲ್ಲಿಸುವ ಕೆಲಸಕ್ಕೆ ಕೆಲವು ಕೂಲಿಗಳ ದುಡಿಮೆ ಸಾಕು. ಅಲ್ಲಿ ನಿಲ್ಲಿಸದೆ ಹೋದರೆ, ಅದು ತಾನಾಗಿಯೇ ಗದ್ದೆಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಅನ್ನದ ತಟ್ಟೆಗೆ ಹೆಚ್ಚು ದೂರವಿಲ್ಲ.